ಸ್ಟ್ರೋಕ್ ಆದ ಮಾವನವರಿಗೆ ಮಲ್ಟಿವಿಟಮಿನ್ ಸಿರಪ್: ಎರಡು ಬಾಟಲಿಗಳಿವೆ, ಯಾವುದನ್ನು ಕೊಡಲಿ?

ತುಮಕೂರಿನ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ 72 ವರ್ಷ. ಸ್ಟ್ರೋಕ್ ಆಗಿ ಬಲಭಾಗದ ಸ್ವಾಧೀನ ತಪ್ಪಿತ್ತು, ಈಗ ಗೋಡೆ ಹಿಡಿದು ಬಚ್ಚಲಮನೆಯವರೆಗೆ ಹೋಗುತ್ತಾರೆ. ಆಹಾರ ಕೊಡಲು ಹಾಕಿದ್ದ ಮೂಗಿನ ನಳಿಕೆಯನ್ನು ಈಚೆಗೆ ತೆಗೆದರು. ಮಾತ್ರೆ ನುಂಗಲು ಆಗುವುದಿಲ್ಲ, ಪುಡಿ ಮಾಡಿ ಕೊಡುತ್ತಿದ್ದೇವೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಹಲವು ವರ್ಷಗಳಿಂದ ನಡೆಯುತ್ತಿದೆ. ಹೃದಯದ ಬಡಿತ ಏರುಪೇರಾಗಿರುವುದರಿಂದ ರಕ್ತ ಹೆಪ್ಪುಗಟ್ಟದಂತೆ ಅಸಿನೊಕೌಮರಾಲ್ ಕೊಟ್ಟಿದ್ದಾರೆ.

ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ‘ಮಲ್ಟಿವಿಟಮಿನ್ ಸಿರಪ್’ ಎಂದಷ್ಟೇ ಇದೆ. ಹೆಸರೂ ಇಲ್ಲ, ಅಳತೆಯೂ ಇಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದಾಗ, ‘ಇದನ್ನು ಕೊಡಿ, ಹಸಿವೂ ಆಗುತ್ತದೆ, ಶಕ್ತಿಯೂ ಬರುತ್ತದೆ’ ಎಂದು ಒಂದು ಬಾಟಲಿ ಕೊಟ್ಟರು. ಅಷ್ಟರಲ್ಲಿ ಅಮೆರಿಕದಲ್ಲಿರುವ ನಾದಿನಿ ಅಲ್ಲಿಂದ ಇನ್ನೊಂದು ದೊಡ್ಡ ಬಾಟಲಿಯನ್ನು ಕಳಿಸಿದ್ದಾರೆ. ಸದ್ಯ ಅಂಗಡಿಯದನ್ನು ಬೆಳಗ್ಗೆ, ರಾತ್ರಿ ಒಂದೊಂದು ಚಮಚ ಕೊಡುತ್ತಿದ್ದೇನೆ. ಎರಡರಲ್ಲಿ ಯಾವುದು ಒಳ್ಳೆಯದು? ಎರಡನ್ನೂ ಕೊಡಬಹುದೇ? ಮಾವನವರು ಈಗ ಹಗಲೆಲ್ಲ ತೂಕಡಿಸುತ್ತಾರೆ, ನಿಶ್ಶಕ್ತಿ ಇರಬಹುದು ಎಂದುಕೊಂಡಿದ್ದೇವೆ.

ಟಾನಿಕ್ ವಿರೋಧಿ
ಯಾವುದೂ ಬೇಡ. ರಾಗಿ ಗಂಜಿ, ಬೇಳೆ ಕಟ್ಟು, ಮೊಸರು, ಒಂದು ಬಾಳೆಹಣ್ಣು. ನಮ್ಮ ದೇಶದಲ್ಲಿ ಚೀಟಿಯ ಕೊನೆಯ ಸಾಲು ಯಾವಾಗಲೂ ಟಾನಿಕ್ಕಿಗೇ ಮೀಸಲು. ಕಾಯಿಲೆಗೆ ಒಂದು ಮಾತ್ರೆ, ರೋಗಿಯ ಸಮಾಧಾನಕ್ಕೆ ಒಂದು ಬಾಟಲಿ.

ಆಸ್ಪತ್ರೆ ಫಾರ್ಮಸಿಸ್ಟ್, ಮೈಸೂರು
ಮೇಡಂ, ಯಾವುದು ಒಳ್ಳೆಯದು ಎನ್ನುವ ಮೊದಲು ಎರಡೂ ಬಾಟಲಿಗಳ ಹಿಂಬದಿಯಲ್ಲಿ ಏನಿದೆ ಎಂದು ಪೂರ್ತಿ ಬರೆಯಿರಿ. ಮುಂಭಾಗದ ಹಣ್ಣಿನ ಚಿತ್ರ ಬೇಡ, ‘ಪ್ರತಿ 5 ಮಿ.ಲೀ.ನಲ್ಲಿ’ ಎಂದು ಶುರುವಾಗುವ ಸಣ್ಣ ಅಕ್ಷರಗಳು ಬೇಕು. ‘ಹಸಿವೂ ಆಗುತ್ತದೆ’ ಎಂಬ ಮಾತು ಮತ್ತು ‘ಹಗಲೆಲ್ಲ ತೂಕಡಿಸುತ್ತಾರೆ’ ಎಂಬ ಮಾತು ಒಂದೇ ಪತ್ರದಲ್ಲಿ ಬಂದಿರುವುದರಿಂದ ನನಗೊಂದು ಅನುಮಾನವಿದೆ. ಅಲ್ಲಿಯವರೆಗೆ ಎರಡನೆಯ ಬಾಟಲಿಯನ್ನು ತೆರೆಯಬೇಡಿ.

ನಿವೃತ್ತ ಸಿಸ್ಟರ್
ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆ. ನಳಿಕೆ ತೆಗೆಯುವಾಗ ನೀರು ಕುಡಿಸಬಹುದು ಎಂದರೇ, ಅಥವಾ ಗಟ್ಟಿಯಾಗಿಸಿ ಕೊಡಿ ಎಂದರೇ?

ಮಾತ್ರೆ ನುಂಗಲಾಗದವರಿಗೆ ಸಿರಪ್ ಸುಲಭ ಎಂದು ಎಲ್ಲರೂ ತಿಳಿಯುತ್ತಾರೆ. ಸ್ಟ್ರೋಕ್ ಆದವರ ವಿಷಯದಲ್ಲಿ ಹಲವು ಸಲ ಇದು ತಿರುಗುಮುರುಗು. ಅವರಿಗೆ ಇಡ್ಲಿಯನ್ನು ಕಿವುಚಿ ಕೊಟ್ಟರೆ ಇಳಿಯುತ್ತದೆ, ನೀರು ಅಡ್ಡದಾರಿ ಹಿಡಿಯುತ್ತದೆ. ತೆಳುವಾದ ದ್ರವ ಗಂಟಲಿನಲ್ಲಿ ಬೇಗ ಜಾರುತ್ತದೆ, ಅಷ್ಟು ಬೇಗ ಶ್ವಾಸನಾಳ ಮುಚ್ಚಿಕೊಳ್ಳುವುದಿಲ್ಲ, ದ್ರವ ಶ್ವಾಸಕೋಶಕ್ಕೆ ಹೋಗುತ್ತದೆ. ಆಮೇಲೆ ಜ್ವರ, ನ್ಯುಮೋನಿಯಾ. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಕುಡಿದ ಮೇಲೆ ದನಿಯಲ್ಲಿ ಗೊರಗೊರ ಎಂಬ ಒದ್ದೆ ಸದ್ದು ಕೇಳಿಸಿದರೆ ಅದೇ ಸೂಚನೆ.

ಕೊಡುವುದಾದರೆ ಬೆನ್ನು ನೇರವಾಗಿ ಕೂರಿಸಿ, ಗದ್ದವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ. ಅವರಿಗೆ ಯಾವ ಹದದ ಆಹಾರಕ್ಕೆ ಒಪ್ಪಿಗೆ ಇದೆಯೋ ಅದೇ ಹದದ ಎರಡು ಮೂರು ಚಮಚ ಗಂಜಿಯಲ್ಲಿ ಸಿರಪ್ ಕಲಸಿ. ಇಡೀ ಬಟ್ಟಲಿಗೆ ಸುರಿದರೆ ಅರ್ಧ ತಿಂದು ಸಾಕು ಎನ್ನುತ್ತಾರೆ, ಔಷಧಿಯೂ ಅರ್ಧವೇ ಹೋಗುತ್ತದೆ. ತೂಕಡಿಸುತ್ತಿರುವಾಗ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿ. ನುಂಗುವುದರ ಪರೀಕ್ಷೆ ಇನ್ನೂ ಆಗಿಲ್ಲವಾದರೆ ವಾಕ್ ಚಿಕಿತ್ಸಕರಲ್ಲಿ ಮಾಡಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯನ್ನೂ ನೋಡುತ್ತಾರೆ.

ತುಮಕೂರಿನ ಸೊಸೆ
ಸಿಸ್ಟರ್, ಗಂಜಿಯ ಹದದಲ್ಲಿ ಕೊಡಿ ಎಂದಿದ್ದರು. ಆದರೆ ಅದು ನೀರಿಗೆ, ಊಟಕ್ಕೆ ಎಂದುಕೊಂಡಿದ್ದೆವು. ಸಿರಪ್ಪಿಗೂ ಅದೇ ನಿಯಮ ಎಂದು ಯಾರೂ ಹೇಳಲಿಲ್ಲ.

ಬಾಟಲಿಗಳ ವಿವರ ಇಲ್ಲಿದೆ. ಅಂಗಡಿಯದು, ಪ್ರತಿ 5 ಮಿ.ಲೀ.ನಲ್ಲಿ: ಸೈಪ್ರೊಹೆಪ್ಟಡಿನ್ ಹೈಡ್ರೋಕ್ಲೋರೈಡ್ 2 ಮಿ.ಗ್ರಾಂ, ಟ್ರೈಕೋಲಿನ್ ಸಿಟ್ರೇಟ್, ಸಾರ್ಬಿಟಾಲ್ ದ್ರಾವಣ. ಅಷ್ಟೇ. ವಿಟಮಿನ್ ಎಂಬ ಪದವೇ ಕಾಣುತ್ತಿಲ್ಲ.

ಅಮೆರಿಕದ್ದು, ಒಂದು ಟೇಬಲ್ ಸ್ಪೂನಿನಲ್ಲಿ: ವಿಟಮಿನ್ ಎ 900 ಮೈಕ್ರೋಗ್ರಾಂ, ಡಿ 25 ಮೈಕ್ರೋಗ್ರಾಂ, ಕೆ 120 ಮೈಕ್ರೋಗ್ರಾಂ, ಬಯೋಟಿನ್ 5000 ಮೈಕ್ರೋಗ್ರಾಂ, ಬಿ ಗುಂಪಿನ ಎಲ್ಲವೂ, ಸತು, ಇನ್ನೂ ಇಪ್ಪತ್ತು ಹೆಸರುಗಳು.

ಆಸ್ಪತ್ರೆ ಫಾರ್ಮಸಿಸ್ಟ್, ಮೈಸೂರು
ಅನುಮಾನ ನಿಜವಾಯಿತು. ಅಂಗಡಿಯ ಬಾಟಲಿ ಮಲ್ಟಿವಿಟಮಿನ್ ಅಲ್ಲವೇ ಅಲ್ಲ. ಸೈಪ್ರೊಹೆಪ್ಟಡಿನ್ ಎಂಬುದು ಅಲರ್ಜಿಯ ಔಷಧಿ. ಅದರ ಅಡ್ಡ ಪರಿಣಾಮಗಳಲ್ಲಿ ಒಂದು ಹಸಿವು ಹೆಚ್ಚುವುದು, ಇನ್ನೊಂದು ನಿದ್ದೆ. ಮೊದಲನೆಯದನ್ನು ಮುಂದಿಟ್ಟುಕೊಂಡು ನಮ್ಮಲ್ಲಿ ಅದನ್ನು ಹಸಿವಿನ ಟಾನಿಕ್ ಎಂದು ಮಾರುತ್ತಾರೆ. ವಯಸ್ಸಾದವರಿಗೆ ಅದು ಮಂಪರು, ಬಾಯಿ ಒಣಗುವುದು, ಮಲಬದ್ಧತೆ, ಗೊಂದಲ ತರುತ್ತದೆ. ಪ್ರಾಸ್ಟೇಟ್ ತೊಂದರೆ ಇದ್ದರೆ ಮೂತ್ರ ಕಟ್ಟಬಹುದು, ಗ್ಲಾಕೋಮಾದ ಕೆಲವು ಬಗೆಗಳಲ್ಲಿ ಕಣ್ಣಿನ ಒತ್ತಡ ಏರಬಹುದು. ನುಂಗುವುದೇ ಕಷ್ಟವಿರುವವರನ್ನು ಮಂಪರಿನಲ್ಲಿಟ್ಟು ಗಂಜಿ ಕುಡಿಸುವುದು ಎಷ್ಟು ಅಪಾಯ ಎಂದು ಸಿಸ್ಟರ್ ಹೇಳಿದ್ದಾರೆ. ಇಂದೇ ವೈದ್ಯರಿಗೆ ಫೋನ್ ಮಾಡಿ, ಈ ಹೆಸರನ್ನು ಓದಿ ಹೇಳಿ. ಸ್ಟ್ರೋಕ್ ಆದವರ ತೂಕಡಿಕೆಗೆ ಬೇರೆ ಕಾರಣವೂ ಇರಬಹುದು, ಆದ್ದರಿಂದ ಬಾಟಲಿಯ ಮೇಲೆ ಮಾತ್ರ ಭಾರ ಹಾಕಿ ಸುಮ್ಮನಿರಬೇಡಿ. ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಮಾತು ತೊದಲಿದರೆ, ಮುಖ ಸೊಟ್ಟಗಾದರೆ ಫೋನ್ ಕೂಡ ಬೇಡ, ನೇರ ಆಸ್ಪತ್ರೆಗೆ.

ಅಮೆರಿಕದ ಬಾಟಲಿಯ ತಕರಾರು ಬೇರೆ. ಅದರಲ್ಲಿ ವಿಟಮಿನ್ ಕೆ ಇದೆ. ಅಸಿನೊಕೌಮರಾಲ್, ಅದೇ ಬಗೆಯ ವಾರ್ಫರಿನ್ ಎರಡೂ ಕೆಲಸ ಮಾಡುವುದೇ ವಿಟಮಿನ್ ಕೆ ಚಟುವಟಿಕೆಯನ್ನು ತಡೆದು. ನೀವು ಇದ್ದಕ್ಕಿದ್ದಂತೆ ದಿನಕ್ಕೆ 120 ಮೈಕ್ರೋಗ್ರಾಂ ಸೇರಿಸಿದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಇಳಿಯಬಹುದು, ಮತ್ತೆ ಹೆಪ್ಪುಗಟ್ಟುವ ಅಪಾಯ. ಆಮೇಲೆ ಬಾಟಲಿ ಮುಗಿದು ನಿಲ್ಲಿಸಿದಾಗ ಐಎನ್‌ಆರ್ ಏರಿ ರಕ್ತಸ್ರಾವದ ಅಪಾಯ. ಸೊಪ್ಪಿನ ವಿಷಯದಲ್ಲೂ ಇದೇ ಮಾತು: ಪಾಲಕ್, ನುಗ್ಗೆ ಸೊಪ್ಪು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಹೆಚ್ಚು ಕಡಿಮೆ ಅಷ್ಟೇ ಇರಬೇಕು.

ಮೆಡಿಕಲ್ಸ್, ದಾವಣಗೆರೆ
ಅಂಗಡಿಯವರನ್ನು ಬೈಯುವ ಮುನ್ನ ನಮ್ಮ ಕಡೆಯದನ್ನೂ ಕೇಳಿ. ಚೀಟಿಯಲ್ಲಿ ‘ಮಲ್ಟಿವಿಟಮಿನ್ ಸಿರಪ್’ ಎಂದಷ್ಟೇ ಇದ್ದರೆ ನಾವು ಏನು ಕೊಡಬೇಕು? ರೋಗಿಗೆ ಸಕ್ಕರೆ ಕಾಯಿಲೆ ಇದೆಯೇ, ಯಾವ ಮಾತ್ರೆ ತಿನ್ನುತ್ತಾರೆ ಎಂದು ಕೇಳಿದರೆ ‘ನೀನೇನು ಡಾಕ್ಟರಾ’ ಎನ್ನುವವರೇ ಹೆಚ್ಚು. ಆದರೂ ವಿಟಮಿನ್ ಕೇಳಿದವರಿಗೆ ಸೈಪ್ರೊಹೆಪ್ಟಡಿನ್ ಕೊಟ್ಟದ್ದು ತಪ್ಪೇ, ಅದನ್ನು ಸಮರ್ಥಿಸುವುದಿಲ್ಲ.

ಕೌಂಟರಿನಲ್ಲಿ ‘ಟಾನಿಕ್’ ಎಂಬ ಒಂದೇ ಹೆಸರಿನಡಿ ಏನೇನು ಬರುತ್ತದೆ ಎಂದು ಹೇಳುತ್ತೇನೆ. ಬಿ ಕಾಂಪ್ಲೆಕ್ಸ್ ಸಿರಪ್‌ಗಳು, ಬಿಕೋಸೂಲ್ಸ್ ಸಿರಪ್ ಕೇಳಿಕೊಂಡು ಬರುವವರು ಈ ಗುಂಪಿನವರು. ಸತು, ಎ, ಡಿ, ಇ ಎಲ್ಲ ಸೇರಿದ ಜಿಂಕೋವಿಟ್‌ನಂಥವು ಇನ್ನೊಂದು ಗುಂಪು. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಇರುವ ಡೆಕ್ಸೊರೇಂಜ್‌ನಂಥವು ರಕ್ತಹೀನತೆಗೆ. ಹಸುಗೂಸುಗಳ ಡ್ರಾಪ್ಸ್ ಬೇರೆ. ಇವುಗಳ ಜೊತೆಗೆ ಹಸಿವಿನವು, ಗಿಡಮೂಲಿಕೆಯವು, ಆಯುರ್ವೇದದ ಅರಿಷ್ಟಗಳು. ಅರಿಷ್ಟದಲ್ಲಿ ಹುದುಗಿನಿಂದಲೇ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಯಕೃತ್ತಿನ ಕಾಯಿಲೆ ಇದ್ದವರು ನೆನಪಿಡಬೇಕು. ಗಿರಾಕಿ ಮಾತ್ರ ಎಲ್ಲಕ್ಕೂ ‘ಶಕ್ತಿಗೆ ಒಂದು ಟಾನಿಕ್ ಕೊಡಿ’ ಎನ್ನುತ್ತಾರೆ.

ಇನ್ನೊಂದು ಗುರುತು. ಔಷಧಿಯಾಗಿ ತಯಾರಾದುದರ ಮೇಲೆ ಔಷಧ ತಯಾರಿಕೆಯ ಲೈಸೆನ್ಸ್ ಸಂಖ್ಯೆ ಇರುತ್ತದೆ. ಆಹಾರ ಪೂರಕವಾಗಿ ಬಂದುದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಚಿಹ್ನೆ, 14 ಅಂಕಿಗಳ ಸಂಖ್ಯೆ ಮತ್ತು ಔಷಧಿಯಾಗಿ ಬಳಸಲು ಅಲ್ಲ ಎಂಬ ಸಾಲು ಇರುತ್ತದೆ. ಡಬ್ಬ ನೋಡಲು ಎರಡೂ ಒಂದೇ ತರಹ. ಕೊರತೆ ಇರುವ ರೋಗಿಗೆ ಚಿಕಿತ್ಸೆ ಬೇಕಿದ್ದಾಗ ಎರಡನೆಯದನ್ನು ಒಯ್ದು ತಿಂಗಳುಗಟ್ಟಲೆ ಕುಡಿಸುವವರಿದ್ದಾರೆ.

ನ್ಯೂಜೆರ್ಸಿ ಕನ್ನಡಿಗ
ಇಲ್ಲಿಂದ ಬಾಟಲಿ ಕಳಿಸುವವರಲ್ಲಿ ನಾನೂ ಒಬ್ಬ, ಹಾಗಾಗಿ ಎರಡು ಮಾತು. ಟೇಬಲ್ ಸ್ಪೂನ್ ಎಂದರೆ 15 ಮಿ.ಲೀ., ಟೀ ಸ್ಪೂನ್ ಎಂದರೆ 5 ಮಿ.ಲೀ. ಊರಿನಲ್ಲಿ ಎರಡನ್ನೂ ಚಮಚ ಎಂದೇ ಕರೆಯುತ್ತೇವೆ. ಎರಡನೆಯದು, ಇಲ್ಲಿನ ಹೊಸ ಲೇಬಲ್ಲುಗಳಲ್ಲಿ ವಿಟಮಿನ್ ಡಿ ಮೈಕ್ರೋಗ್ರಾಂ ಲೆಕ್ಕದಲ್ಲಿ ಇರುತ್ತದೆ, ಭಾರತದ ಚೀಟಿಗಳಲ್ಲಿ ಐಯು (ಅಂತರರಾಷ್ಟ್ರೀಯ ಘಟಕ) ಲೆಕ್ಕ. 1 ಮೈಕ್ರೋಗ್ರಾಂ ಎಂದರೆ 40 ಐಯು. ಈ ಬಾಟಲಿಯ 25 ಮೈಕ್ರೋಗ್ರಾಂ ಅಂದರೆ 1000 ಐಯು. ಸಂಖ್ಯೆ ಚಿಕ್ಕದಾಗಿ ಕಂಡಿತೆಂದು ಮೇಲೆ ಇನ್ನೊಂದು ಡಿ ಡ್ರಾಪ್ಸ್ ಸೇರಿಸಬೇಡಿ.

ಆಸ್ಪತ್ರೆ ಫಾರ್ಮಸಿಸ್ಟ್, ಮೈಸೂರು
ಬಿ ಗುಂಪಿನ ವಿಟಮಿನ್ ಆದ ಬಯೋಟಿನ್ ಬಗ್ಗೆಯೂ ಹೇಳಬೇಕು. ವಯಸ್ಕರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು, ಆ ಬಾಟಲಿಯಲ್ಲಿ 5000 ಇದೆ. ಅದು ವಿಷವೇನಲ್ಲ. ಆದರೆ ಕೆಲವು ರಕ್ತಪರೀಕ್ಷೆಗಳ ವಿಧಾನದಲ್ಲೇ ಬಯೋಟಿನ್ ಬಳಸುತ್ತಾರೆ, ರಕ್ತದಲ್ಲಿ ಅದು ಹೆಚ್ಚಿದ್ದರೆ ಫಲಿತಾಂಶ ಕೆಡುತ್ತದೆ. ಥೈರಾಯ್ಡ್ ವರದಿ ತಪ್ಪು ಬರಬಹುದು, ಹೃದಯಾಘಾತವನ್ನು ಗುರುತಿಸುವ ಟ್ರೋಪೋನಿನ್ ಕಡಿಮೆ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹೃದಯದ ರೋಗಿಯ ಮನೆಯಲ್ಲಿ ಕೂದಲಿಗೆಂದು ಬಯೋಟಿನ್ ಸುರಿದ ಬಾಟಲಿಗೆ ಏನು ಕೆಲಸ?

ವಿಟಮಿನ್ ಡಿ ಬಗ್ಗೆ ಇಲ್ಲಿ ಎಲ್ಲರೂ ಗಮನಿಸಲಿ. 60,000 ಐಯು ಇರುವ 5 ಮಿ.ಲೀ. ಪುಟ್ಟ ಬಾಟಲಿಗಳು ಬಂದಿವೆ, ಒಂದೇ ಗುಟುಕು, ಸಿಹಿ ರುಚಿ. ಅದು ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವು ವಾರಗಳು ಮಾತ್ರ. ‘ವಾರಕ್ಕೊಮ್ಮೆ’ ಎಂಬುದು ಕಿವಿಗೆ ಬೀಳದೆ ದಿನಕ್ಕೊಂದು ಕುಡಿದು ರಕ್ತದ ಕ್ಯಾಲ್ಸಿಯಂ ಏರಿಸಿಕೊಂಡು ಆಸ್ಪತ್ರೆಗೆ ಬರುವವರಿದ್ದಾರೆ. ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ವಾಂತಿಯಾಗುತ್ತಿದೆ, ನಿಶ್ಶಕ್ತಿ ಎಂದು ಮನೆಯವರು ಅದನ್ನೇ ಇನ್ನೂ ಎರಡು ಕುಡಿಸಿರುತ್ತಾರೆ.

ಇಬ್ಬರು ಮಕ್ಕಳ ತಾಯಿ, ಕಲಬುರಗಿ
ಮಧ್ಯೆ ಬಂದುದಕ್ಕೆ ಕ್ಷಮಿಸಿ. ಚಿಕ್ಕವನಿಗೆ ಎರಡು ವರ್ಷ. ಅಂಗನವಾಡಿಯಲ್ಲಿ ಕಬ್ಬಿಣದ ಸಿರಪ್ ಕೊಟ್ಟಿದ್ದಾರೆ. ಮಕ್ಕಳ ವೈದ್ಯರು ಮಲ್ಟಿವಿಟಮಿನ್ ಡ್ರಾಪ್ಸ್ ಬರೆದಿದ್ದಾರೆ. ಎರಡೂ ಕೊಡಲೇ? ಡ್ರಾಪರ್ ಒಡೆದಿದೆ, ದೊಡ್ಡವನ ಹಳೆಯ ಬಾಟಲಿಯ ಡ್ರಾಪರ್ ಬಳಸಬಹುದೇ?

ನಿವೃತ್ತ ಸಿಸ್ಟರ್
ಡ್ರಾಪರ್ ಬದಲಿಸಬೇಡಮ್ಮ. ಒಂದೊಂದು ಡ್ರಾಪರಿನ ಹನಿಯ ಗಾತ್ರ ಒಂದೊಂದು, ಗೆರೆಗಳೂ ಬೇರೆ. ಸೂಜಿಯಿಲ್ಲದ 1 ಮಿ.ಲೀ. ಸಿರಿಂಜ್ ತೆಗೆದುಕೊಂಡು ಚೀಟಿಯಲ್ಲಿ ಎಷ್ಟು ಮಿ.ಲೀ. ಎಂದು ಬರೆಸಿಕೊ. ಡ್ರಾಪ್ಸ್ ಎಂದರೆ ಸಿರಪ್ಪಿಗಿಂತ ಗಟ್ಟಿ ಸಾರ, ಹನಿಯ ಅಳತೆಯದನ್ನು ಚಮಚದಲ್ಲಿ ಕೊಟ್ಟರೆ ಹಲವು ಪಟ್ಟು ಹೋಗುತ್ತದೆ.

ಸರ್ಕಾರದ ಕಬ್ಬಿಣದ ಸಿರಪ್ಪಿನಲ್ಲಿ 1 ಮಿ.ಲೀ.ಗೆ 20 ಮಿ.ಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ, ವಾರಕ್ಕೆ ಎರಡು ಸಲ 1 ಮಿ.ಲೀ. ನಿನ್ನ ಡ್ರಾಪ್ಸ್‌ನಲ್ಲಿ ಕಬ್ಬಿಣ ಇದೆಯೇ ನೋಡು. ಇದ್ದರೆ ಎರಡೂ ಬಾಟಲಿಗಳನ್ನು ಒಟ್ಟಿಗೆ ವೈದ್ಯರ ಮುಂದಿಡು. ಮನೆಯಲ್ಲಿ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಮಗು ಇದ್ದರಂತೂ ಕಬ್ಬಿಣದ ಯಾವ ಟಾನಿಕ್ಕನ್ನೂ ಕೇಳದೆ ಕೊಡಬಾರದು. ಮತ್ತೆ, ಬಾಟಲಿಯನ್ನು ಅಟ್ಟದ ಮೇಲಿಡು. ಸಿಹಿ ಎಂದು ಮಗು ಇಡೀ ಬಾಟಲಿ ಕುಡಿದರೆ ಕಬ್ಬಿಣ ಪ್ರಾಣ ತೆಗೆಯುತ್ತದೆ. ಮೊದಲು ವಾಂತಿಯಾಗಿ, ಆಮೇಲೆ ಚೇತರಿಸಿಕೊಂಡಂತೆ ಕಂಡು ಮತ್ತೆ ಕೆಡುವುದು ಅದರ ಕ್ರಮ. ಚೆನ್ನಾಗಿದ್ದಾನಲ್ಲ ಎಂದು ಮನೆಯಲ್ಲಿ ಕೂರಬಾರದು.

ಅಳತೆಯ ಕತೆ ಎಷ್ಟು ದೊಡ್ಡದು ಎಂದರೆ, 2001ರ ನವೆಂಬರಿನಲ್ಲಿ ಅಸ್ಸಾಂನಲ್ಲಿ ವಿಟಮಿನ್ ಎ ದ್ರವ ಕೊಡುವ ಅಭಿಯಾನದಲ್ಲಿ 2 ಮಿ.ಲೀ. ಚಮಚದ ಬದಲು 5 ಮಿ.ಲೀ. ಹಿಡಿಯುವ ಕಪ್ಪುಗಳು ಬಂದಿದ್ದವು. ಅನೇಕ ಮಕ್ಕಳು ಅಸ್ವಸ್ಥರಾಗಿ ದೇಶವೆಲ್ಲ ಗದ್ದಲವಾಯಿತು. ನಮ್ಮ ಆಸ್ಪತ್ರೆಯಲ್ಲಿ ಆಮೇಲೆ ಬಹಳ ದಿನ ಚಮಚವನ್ನು ಬೆಳಕಿಗೆ ಹಿಡಿದು ಗೆರೆ ನೋಡಿಯೇ ಕೊಡುತ್ತಿದ್ದೆವು.

ಡಯಾಲಿಸಿಸ್ ಘಟಕದ ಆಹಾರ ತಜ್ಞೆ
ಮೂತ್ರಪಿಂಡದ ರೋಗಿಗಳ ಮನೆಯವರೂ ಇದನ್ನು ಓದುತ್ತಿರಬಹುದು. ಅವರಿಗೆ ‘ಎಲ್ಲ ವಿಟಮಿನ್ ಇರುವ’ ಬಾಟಲಿ ಬೇಡ. ಮೂತ್ರಪಿಂಡ ಸೋತಾಗ ವಿಟಮಿನ್ ಎ ದೇಹದಲ್ಲಿ ಶೇಖರವಾಗುತ್ತದೆ. ಡಯಾಲಿಸಿಸ್‌ನಲ್ಲಿ ತೊಳೆದುಹೋಗುವುದು ನೀರಿನಲ್ಲಿ ಕರಗುವ ಬಿ ಗುಂಪು ಮತ್ತು ಸಿ, ಆದ್ದರಿಂದ ಅವನ್ನೇ, ಡಯಾಲಿಸಿಸ್ ಮುಗಿದ ಮೇಲೆ ಕೊಡುತ್ತೇವೆ. ಸಿ ಕೂಡ ದಿನಕ್ಕೆ 60ರಿಂದ 100 ಮಿ.ಗ್ರಾಂ ಒಳಗೆ, ಹೆಚ್ಚಾದರೆ ಹರಳುಗಟ್ಟುವ ಆಕ್ಸಲೇಟ್ ದೇಹದಲ್ಲಿ ಕೂಡಿಕೊಳ್ಳುತ್ತದೆ. ನೀರಿಗೆ ಹಾಕಿದರೆ ಬುಸ್ಸೆಂದು ಕರಗುವ ಮಾತ್ರೆಗಳನ್ನು ‘ದ್ರವವೇ ತಾನೇ’ ಎಂದು ತರುತ್ತಾರೆ. ಅದರಲ್ಲಿ ಸೋಡಿಯಂ ನೂರಾರು ಮಿ.ಗ್ರಾಂ ಇರಬಹುದು. ಉಪ್ಪು ಬಿಟ್ಟು ಸಪ್ಪೆ ಸಾರು ಉಣ್ಣುವವರಿಗೆ ಎಂಥ ಪಥ್ಯ!

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಒಂದೇ ಮಾತು: ಕ್ಯಾಪೆಸಿಟಾಬಿನ್ ಎಂಬ ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರಲ್ಲಿ ಫೋಲಿಕ್ ಆಮ್ಲ ಅದರ ವಿಷಮ ಪರಿಣಾಮಗಳನ್ನು ಹೆಚ್ಚಿಸುತ್ತದೆ. ಟಾನಿಕ್ಕನ್ನೂ ಕ್ಯಾನ್ಸರ್ ವೈದ್ಯರಿಗೇ ತೋರಿಸಿ.

ಟಾನಿಕ್ ವಿರೋಧಿ
ನೋಡಿದಿರಾ, ನಾನು ಮೊದಲೇ ಹೇಳಿದೆ.

ಆಸ್ಪತ್ರೆ ಫಾರ್ಮಸಿಸ್ಟ್, ಮೈಸೂರು
ಇಲ್ಲ ಸರ್, ಪೂರ್ತಿ ಒಪ್ಪುವುದಿಲ್ಲ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದವರಲ್ಲಿ ಬಿ12 ಕಡಿಮೆಯಾಗುತ್ತದೆ, ಸಸ್ಯಾಹಾರಿಗಳಾದರೆ ಇನ್ನೂ ಹೆಚ್ಚು. ಗಂಜಿ, ಬೇಳೆ ಕಟ್ಟಿನಲ್ಲಿ ಬಿ12 ಇಲ್ಲ. ಹೊಟ್ಟೆ ಕಿರಿದಾಗಿಸುವ ಶಸ್ತ್ರಚಿಕಿತ್ಸೆ ಆದವರಿಗೆ ಜೀವನಪೂರ್ತಿ ವಿಟಮಿನ್ ಬೇಕು, ಮೊದಲ ವಾರಗಳಲ್ಲಿ ದ್ರವ ರೂಪವೇ ಅನುಕೂಲ. ಬೇಕು ಬೇಡ ಎಂಬುದು ರೋಗಿಯ ಮೇಲೆ ಹೋಗುತ್ತದೆ. ಆದರೆ ಕೊರತೆ ಇದ್ದಾಗ ಮಲ್ಟಿವಿಟಮಿನ್ನಿನ ಒಂದೆರಡು ಮೈಕ್ರೋಗ್ರಾಂ ಬಿ12 ಸಾಲದು ಎಂಬುದೂ ನಿಜ. ಬಿ12 ನೋಡದೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡು ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು.

ಸೊಸೆ ಮೇಡಂ, ವೈದ್ಯರನ್ನು ಬಿ12 ಬಗ್ಗೆ ಕೇಳಿ. ಸಿರಪ್ ಬೇಕೇ ಬೇಕು ಎಂದರೆ ಸಕ್ಕರೆ ನೋಡಿ: ಔಷಧಿಯ ಸಾದಾ ಪಾಕ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಬರೀ ಪಾಕವಾದರೆ 5 ಮಿ.ಲೀ.ನಲ್ಲಿ ಸುಮಾರು 4 ಗ್ರಾಂ. ಸಕ್ಕರೆರಹಿತ ಎಂದಿದ್ದರೆ ಸಕ್ಕರೆಯ ಬದಲು ಹಾಕುವ ಸಾರ್ಬಿಟಾಲ್ ಇದೆಯೇ ನೋಡಿ, ಹೆಚ್ಚಾದರೆ ಭೇದಿ. ನಳಿಕೆಯಲ್ಲಿ ಆಹಾರ ಕೊಡುವ ರೋಗಿಗಳಲ್ಲಿ ಭೇದಿ ನಿಲ್ಲದಿದ್ದಾಗ ಎಲ್ಲರೂ ಆಹಾರವನ್ನು ದೂರುತ್ತಾರೆ, ಎಷ್ಟೋ ಸಲ ಕಾರಣ ಸಿರಪ್ಪುಗಳೊಳಗಿನ ಸಾರ್ಬಿಟಾಲ್.

ನಿವೃತ್ತ ಸಿಸ್ಟರ್
ನಳಿಕೆ ಇರುವವರಿಗೆ ಕೊಡುವ ಕ್ರಮವನ್ನೂ ಸೇರಿಸುತ್ತೇನೆ. ಸಿರಪ್ಪನ್ನು ಆಹಾರದ ಜೊತೆ ಬೆರೆಸಬಾರದು, ಹಾಲು ಒಡೆದಂತಾಗಿ ನಳಿಕೆ ಕಟ್ಟುತ್ತದೆ. ಮೊದಲು 15–30 ಮಿ.ಲೀ. ನೀರು, ಆಮೇಲೆ ನೀರು ಬೆರೆಸಿ ತೆಳುವಾಗಿಸಿದ ಸಿರಪ್, ಮತ್ತೆ ನೀರು. ದಿನದ ನೀರಿಗೆ ಮಿತಿ ಇರುವವರು ಇದನ್ನೂ ಲೆಕ್ಕಕ್ಕೆ ಸೇರಿಸಬೇಕು.

ತುಮಕೂರಿನ ಸೊಸೆ
ಎಲ್ಲರಿಗೂ ಧನ್ಯವಾದಗಳು. ಅಂದೇ ವೈದ್ಯರಿಗೆ ಫೋನ್ ಮಾಡಿದ್ದೆ. ಹಸಿವಿನ ಬಾಟಲಿಯನ್ನು ತಕ್ಷಣ ನಿಲ್ಲಿಸಲು ಹೇಳಿದರು, ಮರುದಿನ ಕರೆದುಕೊಂಡು ಬರಲು ಹೇಳಿ ಪರೀಕ್ಷೆ ಮಾಡಿದರು. ಸ್ಟ್ರೋಕಿನ ಹೊಸ ಲಕ್ಷಣ ಇಲ್ಲ. ಈಗ ಮಾವನವರು ಬೆಳಗ್ಗೆ ಪತ್ರಿಕೆ ಹಿಡಿದು ಕೂರುತ್ತಾರೆ, ಸಂಪಾದಕೀಯ ಓದಿ ನನಗೆ ಹೇಳುತ್ತಾರೆ, ಅರ್ಧ ಮಾತು ತೊದಲಿದರೂ ಸಿಟ್ಟು ಪೂರ್ತಿ ಸ್ಪಷ್ಟ.

ಬಿ12 ತುಂಬಾ ಕಡಿಮೆ ಬಂದಿದೆ. ಇಂಜೆಕ್ಷನ್ ಕೊಡುತ್ತಾರೆ ಎಂದುಕೊಂಡಿದ್ದೆವು. ಅಸಿನೊಕೌಮರಾಲ್ ತೆಗೆದುಕೊಳ್ಳುವವರಿಗೆ ಸ್ನಾಯುವಿಗೆ ಚುಚ್ಚಿದರೆ ಒಳಗೆ ರಕ್ತ ಕಟ್ಟಬಹುದು ಎಂದು ಬಾಯಲ್ಲೇ ಕರಗುವ ಹೆಚ್ಚು ಪ್ರಮಾಣದ ಮಾತ್ರೆ ಬರೆದರು. ಅಷ್ಟು ಹೆಚ್ಚು ಕೊಟ್ಟಾಗ ಅದರ ನೂರರಲ್ಲಿ ಒಂದು ಪಾಲು ರಕ್ತಕ್ಕೆ ಸೇರಿದರೂ ಸಾಕಾಗುತ್ತದಂತೆ. ಮಲ್ಟಿವಿಟಮಿನ್ ಸಿರಪ್ಪಿನ ಸಾಲನ್ನು ಚೀಟಿಯಿಂದ ಹೊಡೆದುಹಾಕಿದರು. ಅಮೆರಿಕದ ಬಾಟಲಿಯನ್ನು ಏನು ಮಾಡುವುದು, ನಾದಿನಿಗೆ ಹೇಗೆ ಹೇಳಲಿ ಎಂಬುದೇ ಈಗಿನ ಸಮಸ್ಯೆ. ನಾನೇ ಕುಡಿಯಬಹುದೇ?

ಆಸ್ಪತ್ರೆ ಫಾರ್ಮಸಿಸ್ಟ್, ಮೈಸೂರು
ನೀವು ಗರ್ಭಿಣಿಯಲ್ಲದಿದ್ದರೆ, ಬೇರೆ ಔಷಧಿ ಇಲ್ಲದಿದ್ದರೆ ಕುಡಿದರೆ ಅಪಾಯವೇನಿಲ್ಲ, ಅಗತ್ಯವೂ ಕಾಣುವುದಿಲ್ಲ. ಗರ್ಭಿಣಿಯಾದರೆ ವಿಟಮಿನ್ ಎ ಯಾವ ರೂಪದ್ದು, ಒಟ್ಟು ಎಷ್ಟು ಎಂದು ವೈದ್ಯರನ್ನು ಕೇಳದೆ ಬೇಡ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಕಬ್ಬಿಣ, ಕ್ಯಾಲ್ಸಿಯಂ ಇರುವ ಯಾವುದಕ್ಕೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಕುಡಿದ ಮೇಲೆ ಮೂತ್ರ ಗಾಢ ಹಳದಿಯಾದರೆ ಗಾಬರಿಯಾಗಬೇಡಿ, ಅದು ಬಿ2. ರಕ್ತಪರೀಕ್ಷೆ ಇದ್ದರೆ ಬಯೋಟಿನ್ ವಿಷಯವನ್ನು ಪ್ರಯೋಗಾಲಯದಲ್ಲಿ ಮೊದಲೇ ಹೇಳಿ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಡಿ, ತೆರೆದ ಮೇಲೆ ಎಷ್ಟು ದಿನ ಎಂದು ಲೇಬಲ್ಲಿನಲ್ಲಿರುತ್ತದೆ. ಬಣ್ಣ ಕಪ್ಪಾದರೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಹಸಿವಿನ ಟಾನಿಕ್ಕಿನಿಂದ ಆದ ತೂಕಡಿಕೆಯನ್ನು ವರದಿ ಮಾಡಬಹುದು. ಔಷಧಿಗಳ ಅಡ್ಡ ಪರಿಣಾಮ ದಾಖಲಿಸುವ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-180-3024. ರೋಗಿಯ ಮನೆಯವರೂ ಕರೆ ಮಾಡಬಹುದು, ಬಾಟಲಿಯ ಬ್ಯಾಚ್ ಸಂಖ್ಯೆ ಕೈಯಲ್ಲಿರಲಿ.

ಮೆಡಿಕಲ್ಸ್, ದಾವಣಗೆರೆ
ಹಾಗೆಯೇ ಆ ಅಂಗಡಿಗೆ ಹೋಗಿ ಬಾಟಲಿ ತೋರಿಸಿ ಹೇಳಿ ಬನ್ನಿ ಮೇಡಂ. ನಾಳೆ ಇನ್ನೊಬ್ಬರು ಅದೇ ಚೀಟಿ ತರುತ್ತಾರೆ.